ಪ್ಲ್ಯಾನ್ ಬರೆದಿದ್ದೇವೆ ಮಿಸ್, ಎಲ್ಲಾ ಮುಗಿದ ಮೇಲೆ!

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮಲ್ಲಿ ಟಿಂಕರಿಂಗ್ ಲ್ಯಾಬ್ ಇದೆ, ಅದರ ಉಸ್ತುವಾರಿಯೂ ನನ್ನದೇ. ಎಂಟನೆಯ ತರಗತಿಯಲ್ಲಿ 32 ಮಕ್ಕಳು, ನಾಲ್ಕು ನಾಲ್ಕು ಜನರಂತೆ 8 ಗುಂಪು. ವಾರಕ್ಕೊಮ್ಮೆ ಜೋಡಿ ಪೀರಿಯಡ್ಡು, 80 ನಿಮಿಷ. ಮಕ್ಕಳಿಗೆ ಐಡಿಯಾಗಳಿಗೇನೂ ಬರವಿಲ್ಲ. ಚಿತ್ರವನ್ನೂ ಚೆನ್ನಾಗಿ ಬರೆಯುತ್ತಾರೆ. ಆದರೆ ‘ಹೇಗೆ ಮಾಡುತ್ತೀರಿ, ಮೊದಲು ಯೋಜನೆ ಬರೆಯಿರಿ’ ಅಂದರೆ ಮುಖ ಸಪ್ಪಗಾಗುತ್ತದೆ. ಗರಗಸ ಕೈಗೆ ಸಿಕ್ಕರೆ ಸಾಕು, ಕೊಯ್ಯಲು ಶುರು. ಅಂಟು ಒಣಗುವ ಮೊದಲೇ ಎತ್ತಿ ನೋಡುತ್ತಾರೆ, ಬಣ್ಣ ಬಳಿದ ಮೇಲೆ ತೂತು ಕೊರೆಯುತ್ತಾರೆ. ಕೊನೆಗೆ ಫೈಲಿನಲ್ಲಿ ಅಚ್ಚುಕಟ್ಟಾದ ಯೋಜನೆ ಇರುತ್ತದೆ, ಎಲ್ಲಾ ಮುಗಿದ ಮೇಲೆ ಬರೆದದ್ದು! ಕಳೆದ ವರ್ಷ ಪ್ರದರ್ಶನದ ಹಿಂದಿನ ರಾತ್ರಿ ನಾನೂ ನನ್ನ ಯಜಮಾನರೂ ಕೂತು ಅಂಟಿಸಿ ಬಣ್ಣ ಹಚ್ಚಿದೆವು. ಬಹುಮಾನ ಬಂತು. ಹೆಡ್ ಮಾಸ್ಟರಿಗೆ ಖುಷಿಯಾಯಿತು, ನನಗೆ ನಾಚಿಕೆಯಾಯಿತು. ಈ ವರ್ಷ ಮಕ್ಕಳು ಆರಿಸಿಕೊಂಡಿರುವುದು ನೆಲದ ಮೇಲೆ ಕೂತು ಓದುವ ನಲಿ–ಕಲಿ ಮಕ್ಕಳಿಗಾಗಿ ಮಡಚಿಡಬಹುದಾದ ಓದುಪೀಠ, ನಮ್ಮ ವ್ಯಾಸಪೀಠದ ಹಾಗೆ. ಪ್ರದರ್ಶನಕ್ಕೆ ಇನ್ನು 8 ವಾರ ಇದೆ. ಯೋಜನೆ ಮಾಡುವುದನ್ನು ಮಕ್ಕಳಿಗೆ ಕಲಿಸಬಹುದೇ? ಅಥವಾ ಅದು ವಯಸ್ಸಾದ ಮೇಲೆ ತಾನಾಗಿ ಬರುವ ಬುದ್ಧಿಯೇ?

– ಹೆಸರು ಬೇಡ

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನಿಮ್ಮ ಅರ್ಧ ಚಿಂತೆ ಅಲ್ಲೇ ಇದೆ. ವಯಸ್ಸಿನಿಂದ ಬರುವ ಬುದ್ಧಿ ಇದಾಗಿದ್ದರೆ ನಮ್ಮೂರಿನ ಮನೆ ಕಟ್ಟುವ ಕೆಲಸಗಳೆಲ್ಲ ಹೇಳಿದ ದಿನಕ್ಕೆ ಮುಗಿಯಬೇಕಿತ್ತು. 1994ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞರಾದ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಒಂದು ಅಧ್ಯಯನ ಪ್ರಕಟಿಸಿದರು. ಪದವಿಯ ಕೊನೆಯ ಹಂತದಲ್ಲಿದ್ದ ವಿದ್ಯಾರ್ಥಿಗಳನ್ನು ‘ನಿಮ್ಮ ಪ್ರಬಂಧ ಎಷ್ಟು ದಿನದಲ್ಲಿ ಮುಗಿಯುತ್ತದೆ’ ಎಂದು ಅದರಲ್ಲಿ ಕೇಳಿದ್ದರು. ಸರಾಸರಿ ಅಂದಾಜು ಸುಮಾರು 34 ದಿನ ಬಂತು, ನಿಜವಾಗಿ ಹಿಡಿದದ್ದು ಸುಮಾರು 55. ‘ಎಲ್ಲವೂ ಕೈಕೊಟ್ಟರೆ ಎಷ್ಟು’ ಎಂದು ಕೇಳಿದಾಗ ಕೊಟ್ಟ ಅಂದಾಜನ್ನೂ ವಾಸ್ತವ ಮೀರಿತ್ತು. ಇದು ಪದವಿ ಮುಗಿಸುತ್ತಿದ್ದವರ ಕಥೆ. ಹೀಗಿರುವಾಗ ಹದಿಮೂರರ ಮಕ್ಕಳನ್ನು ಅಶಿಸ್ತಿನವರು ಅನ್ನುವುದು ನ್ಯಾಯವಲ್ಲ.

ಗರಗಸ ಕಂಡ ಕೂಡಲೇ ಕೊಯ್ಯಲು ಹೊರಡುವುದೂ ನಿಮ್ಮ ಶಾಲೆಯ ಮಕ್ಕಳಿಗೆ ಮಾತ್ರ ಅಂಟಿದ ರೋಗವಲ್ಲ. 1990ರ ದಶಕದಲ್ಲಿ ಕೆನಡಾದ ಮಾಲ್ಕಮ್ ವೆಲ್ಷ್ ಎಂಬ ಸಂಶೋಧಕ, ವಿನ್ಯಾಸದ ಪಾಠ ಕೇಳಿರದ ಏಳನೆಯ ತರಗತಿ ಮಕ್ಕಳು ಹೇಗೆ ಕೆಲಸ ಮಾಡುತ್ತಾರೆ ಎಂದು ಗಮನಿಸಿದ. ಹಲವು ಉಪಾಯ ಯೋಚಿಸು, ಒಂದನ್ನು ಆರಿಸು, ಚಿತ್ರ ಬರೆ, ಆಮೇಲೆ ಮಾಡು ಎಂಬ ಪಠ್ಯಪುಸ್ತಕದ ಕ್ರಮವನ್ನು ಅವರು ಹಿಡಿಯಲಿಲ್ಲ. ನೇರವಾಗಿ ಸಾಮಗ್ರಿಗೆ ಕೈ ಹಾಕಿದರು, ಮಾಡುತ್ತ ಮಾಡುತ್ತ ಯೋಚಿಸಿದರು. ನಿಮ್ಮ ಮಕ್ಕಳು ಮಾಡುತ್ತಿರುವುದೂ ಇದನ್ನೇ. ಈ ಹುಮ್ಮಸ್ಸಿಗೆ ಅಡ್ಡ ನಿಂತರೆ ನೀವು ಸೋಲುತ್ತೀರಿ. ಅದನ್ನೇ ಯೋಜನೆಯ ಮೊದಲ ಹಂತವಾಗಿ ಬಳಸಿಕೊಂಡರೆ ಕೆಲಸವಾಗುತ್ತದೆ.

ಇನ್ನು ಯೋಜನೆಯನ್ನು ಅವರು ಕೊನೆಗೆ ಬರೆದದ್ದೇಕೆ? ಹಂತಗಳು ಅವರಿಗೆ ತಿಳಿದದ್ದೇ ಕೊನೆಗೆ. ಹಿಂಜು ಕೂರಿಸುವುದನ್ನು ಎಂದೂ ನೋಡದ ಹುಡುಗಿ ‘ಹಿಂಜು ಕೂರಿಸುವ ಹಂತಗಳು’ ಎಂದು ಏನು ಬರೆದಾಳು? ಬರೆದರೂ ‘ಸಾಮಗ್ರಿ ತರುವುದು, ಕತ್ತರಿಸುವುದು, ಜೋಡಿಸುವುದು, ಬಣ್ಣ ಹಚ್ಚುವುದು’ ಎಂಬ ನಾಲ್ಕು ಸಾಲು. ಯಾವ ವಸ್ತುವಿನ ತಲೆಗೂ ಸರಿಹೋಗುವ ಟೋಪಿ ಅದು, ಅದರಿಂದ ಯಾವ ಕೆಲಸವೂ ನಡೆಯದು. ಜೊತೆಗೆ ಆ ಹಾಳೆ ಅಂಕಕ್ಕಾಗಿ ಕೊಡಬೇಕಾದದ್ದು ಎಂಬುದು ಮಕ್ಕಳಿಗೆ ಗೊತ್ತು. ಅಂಕದ ಹಾಳೆಯಲ್ಲಿ ತಪ್ಪಿರಬಾರದು, ಹೊಡೆದು ತಿದ್ದಿರಬಾರದು. ಹಾಗಾದರೆ ಜಾಣತನ ಯಾವುದು? ಎಲ್ಲ ಮುಗಿದ ಮೇಲೆ ಬರೆಯುವುದು. ನಾವು ಕೇಳಿದ್ದನ್ನೇ ಅವರು ಕೊಟ್ಟಿದ್ದಾರೆ. ಆದ್ದರಿಂದ ಈ ವರ್ಷ ಒಂದೇ ಒಂದು ನಿಯಮ ಇಟ್ಟುಕೊಳ್ಳಿ: ತಿದ್ದುಪಡಿ ಇಲ್ಲದ ಯೋಜನೆಗೆ ಪೂರ್ತಿ ಅಂಕ ಇಲ್ಲ. ಉಳಿದದ್ದೆಲ್ಲ ಈ ನಿಯಮವನ್ನು ಹಿಡಿದು ಬರುತ್ತದೆ.

ಮೊದಲ ವಾರ ಪ್ಲೈವುಡ್ ತೋರಿಸಲೇಬೇಡಿ. ಅಂಗಡಿಗಳಿಂದ ಹಳೆಯ ರಟ್ಟಿನ ಡಬ್ಬಿ ತರಿಸಿ, ಕತ್ತರಿ ಮತ್ತು ಅಂಟುಪಟ್ಟಿ ಕೊಟ್ಟು ಓದುಪೀಠವನ್ನು ನಿಜವಾದ ಅಳತೆಯಲ್ಲೇ ಮಾಡಿಸಿ. ತಳಕ್ಕೊಂದು ಹಲಗೆ, ಓದಲು ಇಳಿಜಾರಾಗಿ ನಿಲ್ಲುವ ಇನ್ನೊಂದು ಹಲಗೆ, ಹಿಂದೆ ಒಂದು ಆಸರೆ. ಒಂದು ಗಂಟೆಯಲ್ಲಿ ಆಗುತ್ತದೆ. ನಂತರ ಒಂದನೆಯ ತರಗತಿಯ ಮಗುವೊಂದನ್ನು ಕರೆದು ಪುಸ್ತಕ ಇಟ್ಟು ಓದಿಸಿ. ಪುಸ್ತಕ ಜಾರಿ ಮಡಿಲಿಗೆ ಬೀಳುತ್ತದೆ. ಅಂಚಿಗೆ ತಡೆಪಟ್ಟಿ ಬೇಕು ಎಂದು ಆಗ ಹೊಳೆಯುತ್ತದೆ. ಆಸರೆ ಹಿಂದಕ್ಕೆ ಸರಿದು ಹಲಗೆ ಮಲಗುತ್ತದೆ. ಆಸರೆಯ ಕಾಲು ತಳದಲ್ಲಿ ಎಲ್ಲಾದರೂ ಸಿಕ್ಕಿಕೊಳ್ಳಬೇಕು ಎಂದು ಗೊತ್ತಾಗುತ್ತದೆ. ಈ ಎರಡು ಸಂಗತಿ ಪ್ಲೈವುಡ್ ಕೊಯ್ದ ಮೇಲೆ ತಿಳಿದಿದ್ದರೆ ಒಂದು ವಾರ ಹೋಗುತ್ತಿತ್ತು. ರಟ್ಟಿನಲ್ಲಿ ತಿಳಿದದ್ದಕ್ಕೆ ಖರ್ಚು ಸೊನ್ನೆ. ಈಗ ಮಕ್ಕಳ ತಲೆಯಲ್ಲಿ ಒಂದು ವಸ್ತು ಇದೆ, ಅದನ್ನು ಮಾಡಿದ ಕೈಗಳ ನೆನಪಿದೆ. ಯೋಜನೆ ಕೇಳಲು ಇದು ಸರಿಯಾದ ಹೊತ್ತು.

ಕೇಳುವಾಗಲೂ ಖಾಲಿ ಹಾಳೆ ಕೊಡಬೇಡಿ. ಮನೆಯಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆಗಳ ಬೆನ್ನಿನ ಮೇಲೆ ಒಂದು ಕಾರ್ಡಿಗೆ ಒಂದೇ ಕೆಲಸ ಬರೆಸಿ: ‘ಹಲಗೆಯ ಅಂಚು ಉಜ್ಜುವುದು’, ‘ಹಿಂಜಿನ ಜಾಗ ಗುರುತಿಸುವುದು’, ‘ತಡೆಪಟ್ಟಿ ಅಂಟಿಸುವುದು’. ಕಾರ್ಡುಗಳನ್ನು ನೆಲದ ಮೇಲೆ ಹರಡಿ ಸರದಿಗೆ ಜೋಡಿಸಲು ಹೇಳಿ. ಪ್ರತಿ ಕಾರ್ಡಿಗೂ ಒಂದೇ ಪ್ರಶ್ನೆ: ‘ಇದಕ್ಕಿಂತ ಮೊದಲು ಏನು ಮುಗಿದಿರಲೇಬೇಕು?’ ಜಗಳ ಶುರುವಾಗುತ್ತದೆ, ಆಗಲಿ ಬಿಡಿ. ಬಣ್ಣ ಮೊದಲೋ ಹಿಂಜು ಮೊದಲೋ ಎಂಬ ಜಗಳದಲ್ಲಿ ಒಂದು ಗುಂಪು ‘ಹಿಂಜು ಹಾಕಿ ಬಣ್ಣ ಬಳಿದರೆ ಹಿಂಜಿಗೂ ಬಣ್ಣ ಅಂಟುತ್ತದೆ’ ಎನ್ನುತ್ತದೆ. ಇನ್ನೊಂದು ‘ಬಣ್ಣದ ಮೇಲೆ ತೂತು ಕೊರೆದರೆ ಬಣ್ಣ ಎದ್ದುಬರುತ್ತದೆ’ ಎನ್ನುತ್ತದೆ. ಇಬ್ಬರೂ ಸರಿ. ಬಡಿಗರು ಇದನ್ನು ಬಿಡಿಸುವ ಬಗೆ ಹೀಗಿದೆ: ಹಿಂಜು ಇಟ್ಟು ಗುರುತು ಹಾಕಿ ತೂತು ಕೊರೆದು, ಒಮ್ಮೆ ಕೂರಿಸಿ, ಮಡಚಿ ಬಿಚ್ಚಿ ನೋಡಿ, ಮತ್ತೆ ತೆಗೆದು ಬಣ್ಣ ಹಚ್ಚಿ, ಒಣಗಿದ ಮೇಲೆ ಮತ್ತೆ ಕೂರಿಸುವುದು. ಒಂದೇ ಕಾರ್ಡು ಅಂದುಕೊಂಡಿದ್ದ ಕೆಲಸ ಐದಾರು ಕಾರ್ಡಾಗುತ್ತದೆ. ಈ ಉತ್ತರವನ್ನು ನೀವು ಮೊದಲೇ ಹೇಳಿಬಿಡಬೇಡಿ. ಜಗಳ ಚೆನ್ನಾಗಿ ಕಾವೇರಿದ ಮೇಲೆ, ಸಾಧ್ಯವಾದರೆ ಊರಿನ ಬಡಿಗರೊಬ್ಬರನ್ನು ಅರ್ಧ ಗಂಟೆ ಶಾಲೆಗೆ ಕರೆಸಿ ಅವರ ಬಾಯಿಂದಲೇ ಕೇಳಿಸಿ.

ಇದೇನೂ ಹೊಸ ಸಾಹಸವಲ್ಲ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಸಂಶೋಧಕರು 2000ರ ದಶಕದಲ್ಲಿ ಮಾಧ್ಯಮಿಕ ಹಂತದ ಮಕ್ಕಳಿಂದ ಚೀಲ, ಗಾಳಿಯಂತ್ರದ ಮಾದರಿ, ಗೊಂಬೆಗಳನ್ನು ಮಾಡಿಸಿ, ಮಕ್ಕಳು ಹೇಗೆ ವಿನ್ಯಾಸ ಮಾಡುತ್ತಾರೆ ಎಂದು ಅಧ್ಯಯನ ಮಾಡಿದ್ದಾರೆ. ವಸ್ತುವಿನ ಚಿತ್ರದ ಜೊತೆಗೆ ಅದನ್ನು ಮಾಡುವ ಹಂತಗಳ ನಕ್ಷೆಯನ್ನೂ ಅಲ್ಲಿನ ಮಕ್ಕಳು ಬರೆದರು. ಚಿತ್ರ ಬರೆದಾಗ ವಸ್ತು ಹೇಗೆ ಕಾಣುತ್ತದೆ ಎಂಬುದಕ್ಕೆ ಉತ್ತರ ಸಿಗುತ್ತದೆ. ಹಂತಗಳ ನಕ್ಷೆ ಬರೆದಾಗ ‘ಇದನ್ನು ಹೇಗೆ ಹಿಡಿದುಕೊಂಡು ಕೊರೆಯುತ್ತೀರಿ’ ಎಂಬುದಕ್ಕೂ ಉತ್ತರ ಹುಡುಕಬೇಕಾಗುತ್ತದೆ. ನಿಮ್ಮ ಮಕ್ಕಳ ಚಿತ್ರ ಸೊಗಸಾಗಿದ್ದೂ ಕೆಲಸ ಕೆಟ್ಟದ್ದು ಈ ಎರಡನೆಯ ಉತ್ತರ ಇಲ್ಲದ್ದರಿಂದ.

ಎರಡನೆಯ ವಾರ ಸಾಮಗ್ರಿಯ ಲೆಕ್ಕ. ಗಣಿತದ ಮೇಷ್ಟ್ರನ್ನೂ ಜೊತೆಗೆ ಕರೆದುಕೊಳ್ಳಿ. 12 ಮಿ.ಮೀ. ದಪ್ಪದ ಒಂದು ಪ್ಲೈವುಡ್ ಹಾಳೆ 8 ಅಡಿ ಉದ್ದ, 4 ಅಡಿ ಅಗಲ, ಅಂದರೆ ಸುಮಾರು 244 ಸೆಂ.ಮೀ.ಗೆ 122 ಸೆಂ.ಮೀ. ಒಂದೊಂದು ಪೀಠಕ್ಕೆ 45ಕ್ಕೆ 30 ಸೆಂ.ಮೀ.ನ ಎರಡು ಹಲಗೆ ಬೇಕು ಎಂದಿಟ್ಟುಕೊಳ್ಳಿ. 8 ಗುಂಪಿಗೆ 16 ಹಲಗೆ. ಒಂದೇ ಹಾಳೆಯಲ್ಲಿ ಆಗುತ್ತದೆಯೇ? ಹಲಗೆಯ 45ರ ಬದಿಯನ್ನು ಹಾಳೆಯ ಉದ್ದಕ್ಕೆ ಇಟ್ಟರೆ ಐದು ಸಾಲು, ಸಾಲಿಗೆ ನಾಲ್ಕು, ಒಟ್ಟು 20 ಹಲಗೆ ಬರುತ್ತವೆ. ಬೇಕಾದ 16 ತೆಗೆದ ಮೇಲೆ ನಾಲ್ಕು ಬಿಡಿ ಹಲಗೆ, 19 ಸೆಂ.ಮೀ.ನ ಒಂದು ಪಟ್ಟಿ ಉಳಿಯುತ್ತದೆ. ಬದಲಿಗೆ 30ರ ಬದಿಯನ್ನು ಉದ್ದಕ್ಕೆ ಇಟ್ಟರೆ ಎಂಟು ಸಾಲು, ಸಾಲಿಗೆ ಎರಡು, ಸರಿಯಾಗಿ 16. ಉಳಿದದ್ದು 8 ಅಡಿ ಉದ್ದ, ಸುಮಾರು 32 ಸೆಂ.ಮೀ. ಅಗಲದ ಒಂದೇ ಅಖಂಡ ಪಟ್ಟಿ. ಎರಡೂ ರೀತಿಯಲ್ಲಿ ಉಳಿಯುವ ಪ್ಲೈವುಡ್ ಹೆಚ್ಚುಕಡಿಮೆ ಅಷ್ಟೇ. ಆದರೆ ಆಸರೆಗೂ ತಡೆಪಟ್ಟಿಗೂ ಉದ್ದದ ತುಂಡು ಬೇಕಾದರೆ ಯಾವುದು ಮೇಲು, ಹಲಗೆಯೊಂದು ಕೆಟ್ಟರೆ ಬದಲಿ ಕೊಡಲು ಯಾವುದು ಮೇಲು ಎಂದು ಮಕ್ಕಳೇ ವಾದ ಮಾಡಲಿ. ವಿಸ್ತೀರ್ಣದ ಪಾಠದಲ್ಲಿ ಹಾಳೆಯ ವಿಸ್ತೀರ್ಣವನ್ನು ಹಲಗೆಯದರಿಂದ ಭಾಗಿಸಿ 22 ಎಂದು ಉತ್ತರ ಬರೆದ ಹುಡುಗನಿಗೆ, ಹಾಳೆಯ ಮೇಲೆ ನಿಜವಾಗಿ 22 ಏಕೆ ಹಿಡಿಸುವುದಿಲ್ಲ ಎಂದು ಕಣ್ಣಿಗೆ ಕಾಣುತ್ತದೆ.

ಗರಗಸವೂ ತನ್ನ ಪಾಲು ತಿನ್ನುತ್ತದೆ ಎಂಬುದನ್ನು ಸೇರಿಸಿ. ಒಂದು ಕೊಯ್ತಕ್ಕೆ 2 ಮಿ.ಮೀ. ಪುಡಿಯಾಗಿ ಹೋದರೆ ಎಂಟು ಕೊಯ್ತಕ್ಕೆ 16 ಮಿ.ಮೀ. ಎಂಟು ಸಾಲಿಗೆ 240 ಸೆಂ.ಮೀ. ಹೋಗಿ ಉಳಿದ 4 ಸೆಂ.ಮೀ.ನಲ್ಲಿ ಇದು ಸಾವಕಾಶವಾಗಿ ಹಿಡಿಸುತ್ತದೆ. ಹಲಗೆಯನ್ನು 30.5 ಸೆಂ.ಮೀ. ಮಾಡೋಣ ಎಂದು ಯಾರಾದರೂ ಹಟ ಹಿಡಿದರೆ ಎಂಟನೆಯ ಹಲಗೆ ಗಿಡ್ಡವಾಗುತ್ತದೆ. ದೊಡ್ಡ ಕೊಯ್ತಗಳನ್ನು ಪ್ಲೈವುಡ್ ಅಂಗಡಿಯಲ್ಲೇ ಮಾಡಿಸಿಕೊಳ್ಳಿ, ಆದರೆ ಅಂಗಡಿಗೆ ಹೋಗುವ ನಕ್ಷೆ ಮಕ್ಕಳದೇ ಆಗಿರಲಿ. ಸ್ಕ್ರೂ ಕೂಡ ನಕ್ಷೆಯಲ್ಲೇ ನಿರ್ಧಾರವಾಗಲಿ. ಹಿಂಜಿನ ಜೊತೆ 20 ಮಿ.ಮೀ. ಸ್ಕ್ರೂ ತಂದರೆ 12 ಮಿ.ಮೀ. ಹಲಗೆಯ ಆಚೆ ಮೊನೆ ಹೊರಬಂದು ಪುಟ್ಟ ಮಗುವಿನ ಬೆರಳಿಗೆ ಚುಚ್ಚುತ್ತದೆ. 10 ಮಿ.ಮೀ. ಸಾಕು. ಪಟ್ಟಿಯಲ್ಲಿ ಬರೀ ‘ಸ್ಕ್ರೂ’ ಎಂದು ಬರೆದಿದ್ದರೆ ಅಂಗಡಿಯವನು ಕೊಟ್ಟದ್ದೇ ಬರುತ್ತದೆ. ಎಷ್ಟು, ಯಾವ ಅಳತೆ, ಏತಕ್ಕೆ ಎಂಬ ಮೂರು ಮಾತು ಪ್ರತಿ ಸಾಮಗ್ರಿಯ ಮುಂದೆ ಇರಬೇಕು.

ಈಗ ಸಮಯ. ನಿಮ್ಮ ನಿಜವಾದ ತಲೆನೋವು ಇಲ್ಲಿದೆ. 80 ನಿಮಿಷದಲ್ಲಿ ಸಾಮಾನು ಹಂಚಲು 10, ಗುಡಿಸಿ ಎತ್ತಿಡಲು 10 ತೆಗೆದರೆ ಕೈಗೆ ಸಿಗುವುದು 60. ಎಂಟು ವಾರಕ್ಕೆ 480 ನಿಮಿಷ. ‘ಎಂಟು ವಾರ’ ಎಂದಾಗ ಬೆಟ್ಟದಷ್ಟು ಕಾಣುವ ಅವಧಿ ಒಟ್ಟು ಎಂಟೇ ಗಂಟೆ ಎಂದು ಬೋರ್ಡಿನ ಮೇಲೆ ಬರೆಯಿರಿ. ಈ ಒಂದು ಸಂಖ್ಯೆ ನಿಮ್ಮ ಹತ್ತು ಉಪದೇಶಕ್ಕೆ ಸಮ.

ನಂತರ ಅಂದಾಜು. ‘ಒಂದು ತೂತು ಕೊರೆಯಲು ಎಷ್ಟು ಹೊತ್ತು?’ ಎಂದು ಕೇಳಿದರೆ ‘ಹತ್ತು ಸೆಕೆಂಡು ಮಿಸ್’ ಎನ್ನುತ್ತಾರೆ. ಕೇಳಿ ಸುಮ್ಮನಾಗಬೇಡಿ, ಬೇಡದ ತುಂಡಿನ ಮೇಲೆ ಕೊರೆಸಿ ಗಡಿಯಾರ ನೋಡಿ. ಗುರುತು ಹಾಕಿ, ಹಲಗೆಯನ್ನು ಮೇಜಿಗೆ ಬಿಗಿದು, ಬಿಟ್ ನೇರವಾಗಿದೆಯೇ ನೋಡಿ, ಕೊರೆದು ಮುಗಿಸಲು ಒಂದು ನಿಮಿಷವಾಯಿತು ಎಂದುಕೊಳ್ಳೋಣ. ಒಂದು ಪೀಠಕ್ಕೆ ಮೂರು ಹಿಂಜು, ಹಿಂಜಿಗೆ ನಾಲ್ಕು ತೂತು, 8 ಗುಂಪು: 96 ತೂತು. ಲ್ಯಾಬಿನಲ್ಲಿ ಡ್ರಿಲ್ ಒಂದೇ ಆದರೆ 96 ನಿಮಿಷ. ಅಂದರೆ ಒಂದು ತರಗತಿಯಲ್ಲಿ ಮುಗಿಯುವ ಮಾತೇ ಇಲ್ಲ. ಈಗ ಸರದಿಯ ಯೋಚನೆ ತಾನಾಗಿ ಹುಟ್ಟುತ್ತದೆ: ನಾಲ್ಕು ಗುಂಪು ಉಜ್ಜುತ್ತಿರಲಿ, ನಾಲ್ಕು ಗುಂಪು ಕೊರೆಯಲಿ, ಮುಂದಿನ ವಾರ ಅದಲು ಬದಲು. ಒಂದು ಗುಂಪಿನ ಯೋಜನೆಯನ್ನು ಇಡೀ ತರಗತಿಯ ಯೋಜನೆಯಿಂದ ಬಿಡಿಸಿ ಬರೆಯಲಾಗದು ಎಂದು ಮಕ್ಕಳಿಗೆ ತಿಳಿಯುವುದು ಆ ಡ್ರಿಲ್ಲಿನ ಮುಂದೆ. ಯಾವುದಾದರೂ ಭಾಗವನ್ನು ತ್ರೀ–ಡಿ ಪ್ರಿಂಟರಿನಲ್ಲಿ ಮಾಡಿಸುವ ಆಸೆಯಿದ್ದರೆ ಅದಕ್ಕೂ ಇದೇ ಲೆಕ್ಕ ಹಾಕಿಸಿ. ಅಂಗೈಯಗಲದ ತುಂಡಿಗೂ ಗಂಟೆಗಟ್ಟಲೆ ಬೇಕು, ನಡುವೆ ಕರೆಂಟ್ ಹೋದರೆ ಬಹುತೇಕ ಮೊದಲಿನಿಂದ.

ಇನ್ನೊಂದು ಸೂಕ್ಷ್ಮ ಇದೆ. ಕೆಲಸದ ಸಮಯ ಬೇರೆ, ಕಾಯುವ ಸಮಯ ಬೇರೆ. ತಡೆಪಟ್ಟಿಗೆ ಫೆವಿಕಾಲ್ ಹಚ್ಚಲು ಐದು ನಿಮಿಷ ಸಾಕು, ಅದು ಪೂರ್ತಿ ಬಿಗಿಯಾಗಲು ಒಂದು ದಿನ ಬೇಕು. ಪ್ರೈಮರ್ ಒಂದು ರಾತ್ರಿ, ಬಣ್ಣದ ಒಂದೊಂದು ಕೋಟಿಗೂ ಒಂದೊಂದು ರಾತ್ರಿ, ಮಳೆಗಾಲವಾದರೆ ಇನ್ನೂ ಹೆಚ್ಚು. ವಾರಕ್ಕೊಮ್ಮೆ ಮಾತ್ರ ಸಿಗುವ ತರಗತಿ ಇಲ್ಲಿ ನಿಮಗೆ ಶತ್ರುವಲ್ಲ, ಮಿತ್ರ. ಒಣಗಬೇಕಾದ ಕೆಲಸವನ್ನೆಲ್ಲ ತರಗತಿಯ ಕೊನೆಗೆ ಇಟ್ಟರೆ ಏಳು ದಿನ ಪುಕ್ಕಟೆ ಸಿಗುತ್ತದೆ. ಅದನ್ನೇ ತರಗತಿಯ ಶುರುವಿಗೆ ಇಟ್ಟರೆ ಮಕ್ಕಳು ಒಂದು ಗಂಟೆ ಅಂಟನ್ನು ನೋಡುತ್ತಾ ಕೂರಬೇಕು, ಆಮೇಲೆ ‘ಒಣಗಿತಾ’ ಎಂದು ಎತ್ತಿ ನೋಡದೆ ಇನ್ನೇನು ಮಾಡಿಯಾರು? ಕಾಯುವ ಕಾರ್ಡುಗಳಿಗೆ ಬೇರೆ ಬಣ್ಣ ಕೊಡಿ. ಆ ಬಣ್ಣದ ಕಾರ್ಡು ಪೀರಿಯಡ್ಡಿನ ನಡುವೆ ಬಂದಿದ್ದರೆ ಯೋಜನೆಯಲ್ಲಿ ಏನೋ ಎಡವಟ್ಟಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ.

ಕಾಯುವುದೂ ಕೆಲಸದ ಭಾಗ ಎಂದು ಮಕ್ಕಳನ್ನು ನಂಬಿಸಲು ಚನ್ನಪಟ್ಟಣದ ಬುಗುರಿಯೊಂದನ್ನು ತರಗತಿಗೆ ತನ್ನಿ. ಅಲ್ಲಿನ ಕುಶಲಕರ್ಮಿಗಳು ಬಳಸುವ ಆಲೆ ಮರವನ್ನು ಮೊದಲು ಚೆನ್ನಾಗಿ ಒಣಗಿಸುತ್ತಾರೆ. ಹಸಿ ಮರವನ್ನು ಕಡೆದರೆ ಆಮೇಲೆ ಅದು ಕುಗ್ಗಿ ಸೀಳುತ್ತದೆ. ಬಣ್ಣ ಹಚ್ಚುವುದು ಗೊಂಬೆ ಚರಕಿಯ ಮೇಲೆ ತಿರುಗುತ್ತಿರುವಾಗಲೇ. ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಹೊಳಪು ಕೊಡುವುದು ಆ ಬಳಿಕ, ಎಲೆಯಿಂದ ಉಜ್ಜಿ. ಈ ಸರದಿಯಲ್ಲಿ ಯಾವುದನ್ನೂ ಹಿಂದು ಮುಂದು ಮಾಡುವ ಹಾಗಿಲ್ಲ. ಯಾರೂ ಫೈಲಿನಲ್ಲಿ ಬರೆದಿಟ್ಟಿಲ್ಲ, ಆದರೂ ಅದು ಪಕ್ಕಾ ಯೋಜನೆ. ಪ್ರತಿ ಹಂತ ಅಲ್ಲೇ ಏಕಿದೆ ಎಂದು ಮಕ್ಕಳು ಊಹಿಸಲಿ.

ಕಾರ್ಡುಗಳ ಸರದಿ, ನಿಮಿಷಗಳ ಲೆಕ್ಕ ಎರಡೂ ಕೈಗೆ ಬಂದ ಮೇಲೆ ಅವನ್ನು ವಾರಗಳ ಮೇಲೆ ಕೂರಿಸಬೇಕು. ಇಲ್ಲಿ ಮಕ್ಕಳು ಇವತ್ತಿನಿಂದ ಮುಂದಕ್ಕೆ ಎಣಿಸುತ್ತಾರೆ. ನೀವು ಕೊನೆಯಿಂದ ಹಿಂದಕ್ಕೆ ಎಣಿಸಲು ಕಲಿಸಿ. ಮದುವೆ ಮನೆಯಲ್ಲಿ ಇದನ್ನು ಅವರು ನೋಡಿಯೇ ಇದ್ದಾರೆ: ಮುಹೂರ್ತ ನಿಂತ ಮೇಲೆ ಚಪ್ಪರ ಯಾವತ್ತು, ಪತ್ರಿಕೆ ಹಂಚುವುದು ಯಾವತ್ತು, ಜವಳಿ ಯಾವತ್ತು ಎಂದು ಹಿಂದಕ್ಕೇ ಲೆಕ್ಕ ಹಾಕುತ್ತಾರೆ. ಗೋಡೆಗೆ ದಾರ ಕಟ್ಟಿ ಎಂಟು ವಾರದ ಚೀಟಿ ತೂಗುಹಾಕಿ, ಕೊನೆಯ ಚೀಟಿಯಿಂದ ಕಾರ್ಡು ಸಿಕ್ಕಿಸಲು ಹೇಳಿ. ಎಂಟನೆಯ ವಾರವನ್ನು ಖಾಲಿ ಬಿಡಿಸಿ. ಯಾವ ಗುಂಪು ಎಷ್ಟೇ ಗೋಗರೆದರೂ ಆ ಚೀಟಿಗೆ ಕಾರ್ಡು ಸಿಕ್ಕಿಸಲು ಬಿಡಬೇಡಿ. ಶಾಲೆಯಲ್ಲಿ ಕ್ರೀಡಾಕೂಟ ಬರುತ್ತದೆ, ದಿಢೀರ್ ರಜೆ ಬರುತ್ತದೆ, ನಿಮಗೇ ಯಾವುದೋ ತರಬೇತಿಗೆ ಕರೆ ಬರುತ್ತದೆ. ಆ ಖಾಲಿ ಚೀಟಿ ಇವೆಲ್ಲದರ ಪಾಲು. ಏಳನೆಯ ವಾರ ಕೊನೆಯ ಜೋಡಣೆ ಮತ್ತು ನಲಿ–ಕಲಿ ಮಕ್ಕಳಿಂದ ಪರೀಕ್ಷೆ. ಆರನೆಯ ವಾರದ ಕೊನೆಗೆ ಬಣ್ಣ, ಐದರ ಕೊನೆಗೆ ಪ್ರೈಮರ್. ಹಿಂಜು ಕೂರಿಸಿ ನೋಡಿ ತೆಗೆಯುವುದು ಐದನೆಯ ವಾರ ಪ್ರೈಮರಿಗೆ ಮೊದಲು. ಕೊರೆಯುವ, ಉಜ್ಜುವ ಕೆಲಸ ಮೂರು ಮತ್ತು ನಾಲ್ಕರಲ್ಲಿ, ನಾಲ್ಕರ ಕೊನೆಗೆ ಅಂಟು. ಹೀಗೆ ಸರಿಹೊಂದುತ್ತದೆ, ಆದರೆ ಇದನ್ನು ನೀವಾಗಿ ಹೇಳಿಕೊಡದೆ ಅವರೇ ತಲುಪಲಿ. ಎರಡನೆಯ ಕೋಟು ಬೇಕೆನ್ನುವ ಗುಂಪಿಗೆ ಮರುದಿನದ ಊಟದ ವಿರಾಮ ಇದೆ.

ದಾರದ ಮೇಲೆ ಎಲ್ಲ ಚೆಂದ ಕಂಡಾಗ ಒಂದು ತಣ್ಣೀರು ಎರಚಬೇಕು. ಗ್ಯಾರಿ ಕ್ಲೈನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 2007ರ ಲೇಖನವೊಂದರಲ್ಲಿ ವಿವರಿಸಿದ ಉಪಾಯ ಇದು, ದೊಡ್ಡ ಕಂಪನಿಗಳವರೂ ಬಳಸುತ್ತಾರೆ. ‘ಏನಾದರೂ ತೊಂದರೆ ಆಗಬಹುದೇ’ ಎಂದು ಕೇಳಬೇಡಿ. ‘ಇಲ್ಲ ಮಿಸ್’ ಎಂದೇ ಉತ್ತರ ಬರುತ್ತದೆ. ಬದಲಿಗೆ ಹೀಗೆ ಹೇಳಿ: ‘ಪ್ರದರ್ಶನದ ದಿನ ಬಂದಿದೆ. ನಿಮ್ಮ ಪೀಠ ಎಲ್ಲರೆದುರು ಮುರಿದು ಬಿದ್ದಿದೆ. ಏಕೆ ಬಿತ್ತು ಅಂತ ಒಬ್ಬೊಬ್ಬರೂ ಎರಡು ಕಾರಣ ಬರೆಯಿರಿ.’ ಸೋಲು ಆಗಿಹೋಗಿದೆ ಎಂದು ಒಪ್ಪಿಕೊಂಡಾಗ ಬಾಯಿ ಬಿಚ್ಚುವುದು ಸುಲಭ. ‘ಸ್ಕ್ರೂ ಸಡಿಲವಾಯಿತು’, ‘ಚೀಲದಲ್ಲಿ ತರುವಾಗ ಆಸರೆ ಕಿತ್ತುಬಂತು’, ‘ಬಿಟ್ ಮುರಿದು ಇನ್ನೊಂದು ಇರಲಿಲ್ಲ’, ‘ಕೆಲಸ ಗೊತ್ತಿದ್ದ ಹುಡುಗ ಜಾತ್ರೆಗೆ ಹೋಗಿದ್ದ’. ಪ್ರತಿ ಕಾರಣಕ್ಕೂ ಒಂದು ಹೊಸ ಕಾರ್ಡು ಹುಟ್ಟಲಿ: ಹೆಚ್ಚುವರಿ ಬಿಟ್ ತರುವುದು, 20 ಸಲ ಮಡಚಿ ಬಿಚ್ಚಿ ಪರೀಕ್ಷಿಸುವುದು, ಪ್ರತಿ ಕೆಲಸಕ್ಕೂ ಇಬ್ಬರು ತಯಾರಿರುವುದು.

ಆ ಕೊನೆಯ ಕಾರಣವನ್ನು ಹಗುರವಾಗಿ ಬಿಡಬೇಡಿ. ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ: ಪ್ರತಿ ಗುಂಪಿನಲ್ಲೂ ಒಬ್ಬ ಚುರುಕಿನ ಹುಡುಗ ಎಲ್ಲ ಮಾಡುತ್ತಾನೆ, ಅಕ್ಷರ ದುಂಡಗಿರುವ ಹುಡುಗಿ ಫೈಲು ಬರೆಯುತ್ತಾಳೆ, ಇನ್ನಿಬ್ಬರು ಹಲಗೆ ಹಿಡಿದುಕೊಂಡು ನಿಂತಿರುತ್ತಾರೆ. ಇದನ್ನು ಬುದ್ಧಿವಾದದಿಂದ ಸರಿಮಾಡಲಾಗದು. ಕಾರ್ಡಿನ ಮೇಲೆ ‘ಯಾರು’ ಎಂಬ ಜಾಗ ಇರಲಿ, ಒಬ್ಬರ ಹೆಸರು ಸತತ ಎರಡು ಕಾರ್ಡಿನಲ್ಲಿ ಬರಬಾರದು, ಡ್ರಿಲ್ಲನ್ನು ನಾಲ್ವರೂ ಹಿಡಿಯಲೇಬೇಕು ಎಂಬ ಷರತ್ತು ಹಾಕಿ. ಕೆಲಸ ಸ್ವಲ್ಪ ನಿಧಾನವಾಗುತ್ತದೆ, ಆಗಲಿ. ಆ ನಿಧಾನವನ್ನೂ ಅಂದಾಜಿಗೆ ಸೇರಿಸಲು ಹೇಳಿ. ಕನ್ನಡಕ, ಬಿಗಿದ ಹಲಗೆ, ಕಟ್ಟಿದ ಜಡೆ, ಪಕ್ಕದಲ್ಲಿ ನೀವು: ಇವು ನಾಲ್ಕೂ ಇಲ್ಲದೆ ಡ್ರಿಲ್ ಚಾಲೂ ಆಗಬಾರದು ಎಂಬುದೂ ಕಾರ್ಡಿನ ಮೇಲೇ ಇರಲಿ.

ಕೆಲಸ ನಡೆಯುವಾಗ ನೀವು ಮಾಡಬೇಕಾದದ್ದು ಇಷ್ಟೇ. ಪ್ರತಿ ಕಾರ್ಡಿನ ಎಡಕ್ಕೆ ಪೆನ್ಸಿಲಿನಲ್ಲಿ ‘ಅಂದುಕೊಂಡದ್ದು’, ಬಲಕ್ಕೆ ಕೆಂಪು ಪೆನ್ನಿನಲ್ಲಿ ‘ಆದದ್ದು’. ಕೆಳಗೆ ಒಂದು ಸಾಲು: ‘ಸರಿಯಾಗಿದೆ ಎಂದು ಹೇಗೆ ಗೊತ್ತಾಯಿತು?’ ಉಜ್ಜಿದ ಅಂಚಿನ ಮೇಲೆ ಹತ್ತಿಯ ಬಟ್ಟೆ ಎಳೆದಾಗ ಎಳೆ ಸಿಕ್ಕಬಾರದು, ಹಲಗೆ ಮೂಲೆಯಿಂದ ಮೂಲೆಗೆ ಅಳೆದಾಗ ಎರಡೂ ಕರ್ಣ ಒಂದೇ ಇರಬೇಕು, ಹೀಗೆ. ಪ್ರತಿ ತರಗತಿಯ ಕೊನೆಯ ಐದು ನಿಮಿಷ ದಾರದ ಮುಂದೆ ನಿಂತು ಕಾರ್ಡು ಸರಿಸಲಿ. ಸರಿಸಿದ ಪ್ರತಿ ಕಾರ್ಡಿಗೂ ಒಂದು ವಾಕ್ಯದ ಕಾರಣ ಬೇಕು. ರೂಪಣಾತ್ಮಕ ಮೌಲ್ಯಮಾಪನದ ಅಂಕ ಹೋಗಬೇಕಾದದ್ದು ಆ ವಾಕ್ಯಕ್ಕೆ. ‘ಉಜ್ಜಲು 20 ನಿಮಿಷ ಅಂದುಕೊಂಡೆವು, 45 ಆಯಿತು, ಏಕೆಂದರೆ 80 ನಂಬರಿನ ಕಾಗದ ಬಿಟ್ಟು ನೇರ 220ರಿಂದ ಶುರು ಮಾಡಿದೆವು’ ಎಂದು ಬರೆದ ಗುಂಪು, ಅಂದಾಜು ಚಾಚೂ ತಪ್ಪದೆ ನಿಜವಾಯಿತು ಎಂದು ಬರೆದ ಗುಂಪಿಗಿಂತ ಹೆಚ್ಚು ಕಲಿತಿದೆ. ಎರಡನೆಯದು ಬಹುಶಃ ಕೊನೆಗೆ ಬರೆದದ್ದು ಎಂಬುದು ನಿಮಗೂ ಗೊತ್ತು.

ಹಾಗೆಂದು ಯೋಜನೆಯನ್ನು ಬೇಲಿ ಮಾಡಬೇಡಿ. ಕೈಯಲ್ಲಿ ತುಂಡು ಹಿಡಿದಾಗ ಮಾತ್ರ ಯೋಚನೆ ಓಡುವ ಮಕ್ಕಳು ಇರುತ್ತಾರೆ. ಅವರಿಗೆ ಬೇಡದ ತುಂಡುಗಳ ಡಬ್ಬಿಯೊಂದು ಸದಾ ತೆರೆದಿರಲಿ, ಅಲ್ಲಿ ಏನು ಬೇಕಾದರೂ ಕೊಯ್ದು ನೋಡಬಹುದು. ಒಳ್ಳೆಯ ಹಲಗೆಗೆ ಕೈ ಹಾಕುವಾಗ ಮಾತ್ರ ಕಾರ್ಡು ತೋರಿಸಬೇಕು.

ಕೊನೆಯದಾಗಿ ಆ ಹಿಂದಿನ ರಾತ್ರಿಯ ವಿಷಯ. ಈ ಸಲ ನೀವು ಪೀಠಕ್ಕೆ ಕೈ ಹಚ್ಚಬಾರದು, ನಿಮ್ಮ ಯಜಮಾನರಂತೂ ಹಚ್ಚಲೇಬಾರದು. ಅದಕ್ಕೆ ಈಗಲೇ ದಾರಿ ಮಾಡಿಕೊಳ್ಳಿ. ಎರಡನೆಯ ವಾರವೇ ಮಕ್ಕಳಿಂದ ಎರಡು ಪಟ್ಟಿ ಬರೆಸಿ: ‘ಇರಲೇಬೇಕು’, ‘ಇದ್ದರೆ ಚೆಂದ’. ನಿಲ್ಲುವುದು, ಮಡಚುವುದು, ಪುಸ್ತಕ ಜಾರದಿರುವುದು, ಚುಚ್ಚದಿರುವುದು ಮೊದಲನೆಯದರಲ್ಲಿ. ಬಣ್ಣ, ಹೂಬಳ್ಳಿ, ಪೆನ್ನಿನ ಗೂಡು ಎರಡನೆಯದರಲ್ಲಿ. ಐದನೆಯ ವಾರದ ಕೊನೆಗೆ ಹಿಂದೆ ಬಿದ್ದ ಗುಂಪು ಎರಡನೆಯ ಪಟ್ಟಿಯಿಂದ ಯಾವುದನ್ನು ಬಿಡುವುದು ಎಂದು ತಾನೇ ಆರಿಸಲಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಕಲಿಯಬೇಕಾದ ಪಾಠವೇ, ಸೋಲೇನಲ್ಲ. ಬಣ್ಣವಿಲ್ಲದ, ಆದರೆ ಗಟ್ಟಿಯಾಗಿ ನಿಂತ ಪೀಠವನ್ನು ಕಾರ್ಡಿನ ದಾರದ ಸಮೇತ ಪ್ರದರ್ಶನಕ್ಕೆ ಇಡಿ. ತೀರ್ಪುಗಾರರು ‘ಇದನ್ನು ಹೇಗೆ ಮಾಡಿದಿರಿ’ ಎಂದು ಕೇಳಿದಾಗ ನಾಲ್ವರಲ್ಲಿ ಯಾವ ಮಗು ಬೇಕಾದರೂ ಉತ್ತರ ಕೊಡುತ್ತದೆ. ಅಂಗಡಿಯಿಂದ ತಂದ ರೆಡಿಮೇಡ್ ಮಾದರಿ ಪಕ್ಕದ ಮೇಜಿನಲ್ಲಿದ್ದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಬಹುಮಾನ ಬರಬಹುದು, ಬರದಿರಬಹುದು. ಹೆಡ್ ಮಾಸ್ಟರಿಗೆ ಇದನ್ನು ಇವತ್ತೇ ಹೇಳಿಬಿಡಿ, ಏಳನೆಯ ವಾರ ಹೇಳಿದರೆ ನೆಪದಂತೆ ಕೇಳಿಸುತ್ತದೆ.

ಪ್ರದರ್ಶನ ಮುಗಿದ ಮೇಲೆ ಕಾರ್ಡುಗಳನ್ನು ಎಸೆಯಬೇಡಿ. ಮುಂದಿನ ಅಂದಾಜಿಗೆ ಊಹೆಗಿಂತ ಹಿಂದಿನ ಸಲ ನಿಜವಾಗಿ ಹಿಡಿದ ಸಮಯವೇ ಗಟ್ಟಿ ಆಧಾರ ಎಂದು ಯೋಜನೆಯ ತಪ್ಪುಗಳನ್ನು ಅಧ್ಯಯನ ಮಾಡಿದವರೆಲ್ಲ ಹೇಳುತ್ತಾರೆ. ನಿಮ್ಮ ಬಳಿ ಈಗ ಆ ಆಧಾರ ಇಲ್ಲ, ಅದಕ್ಕೇ ಈ ವರ್ಷ ಎಲ್ಲವನ್ನೂ ಗಡಿಯಾರ ಹಿಡಿದು ಅಳೆಯಬೇಕಾಗಿದೆ. ಎಂಟು ಗುಂಪಿನ ಕೆಂಪು ಅಂಕಿಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿ, ಮುಂದಿನ ವರ್ಷ ಎಂಟನೆಯ ತರಗತಿಗೆ ಬರುವ ಮಕ್ಕಳ ಕೈಗೆ ಮೊದಲ ದಿನವೇ ಕೊಡಿ. ಕೊಡುವವರು ನೀವಾಗಬೇಡಿ. ಆಗ ಒಂಬತ್ತರಲ್ಲಿರುವ ಈ ಮಕ್ಕಳನ್ನೇ ಕರೆದು, ‘ಉಜ್ಜುವುದಕ್ಕೆ 20 ನಿಮಿಷ ಅಂತ ಮಾತ್ರ ಬರೆಯಬೇಡ್ರೋ’ ಎಂದು ಅವರಿಂದಲೇ ಹೇಳಿಸಿ.